ಸುಲಿತದ ಹಂಗಾಮಿನಲ್ಲಿ ಹಿಡಿದ ಸೊಂಟ: ಒಂದು ಪ್ರಕರಣ ಅಧ್ಯಯನ

ಅಡಿಕೆ ಕೆಲಸದಲ್ಲಿ ಅಪಾಯ ಎಂದರೆ ಎಲ್ಲರ ಕಣ್ಣೂ ಮರ ಹತ್ತುವ ಕೊನೆಗೌಡನ ಕಡೆಗೇ ಹೋಗುತ್ತದೆ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವ ಹೆಂಗಸರ ಸೊಂಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೂತು ಮಾಡುವ ಕೆಲಸ ತಾನೆ, ಅದರಲ್ಲೇನು ಕಷ್ಟ ಎಂಬ ಭಾವನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಲೆನಾಡಿನ ಮನೆಮನೆಯಲ್ಲೂ ಇದೇ ಕೆಲಸ, ಎಷ್ಟೋ ಕಡೆ ರಾತ್ರಿ ಊಟದ ಮೇಲೂ ನಡೆಯುತ್ತದೆ.

ಇಲ್ಲಿ ಬರುವ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಈ ಕೆಲಸದವರಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ, ತಪಾಸಣೆ ಮತ್ತು ಚೇತರಿಕೆಯ ಹಾದಿಯನ್ನು ಒಂದೇ ಪ್ರಕರಣವಾಗಿ ಕೂಡಿಸಿ ಬರೆದಿದೆ.

ದೂರು

ಸಾಗರ ತಾಲ್ಲೂಕಿನ ಹಳ್ಳಿಯೊಂದರ 43 ವರ್ಷದ ಹೆಂಗಸು. ಇಬ್ಬರು ಮಕ್ಕಳು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಮನೆಯಲ್ಲಿ ಎರಡು ಹಸು. ಸುಲಿತ ಶುರುವಾಗಿ ಎರಡು ವಾರಕ್ಕೆ ಸೊಂಟದ ಕೆಳಭಾಗದಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು. ಸಂಜೆ ಹೆಚ್ಚು, ಮಲಗಿದರೆ ಕಡಿಮೆ. ಮೂರನೇ ವಾರ, ಬೆಳಗ್ಗೆ ಕೊಟ್ಟಿಗೆ ಬಾಚಿ ಬಂದು ಅಡಿಕೆ ತುಂಬಿದ ಬುಟ್ಟಿ ಎತ್ತಲು ಬಗ್ಗಿದಾಗ ಸೊಂಟ ಹಿಡಿಯಿತು. ನೆಟ್ಟಗಾಗಲು ಆಗಲಿಲ್ಲ. ಬಲ ಪೃಷ್ಠದಿಂದ ತೊಡೆಯ ಹಿಂಭಾಗದವರೆಗೆ ಸೆಳೆತ, ಮಂಡಿಯಿಂದ ಕೆಳಗೆ ಏನೂ ಇಲ್ಲ.

ಮುಂದೆ ಆದದ್ದು ನಮ್ಮಲ್ಲಿ ಎಲ್ಲ ಕಡೆಯೂ ಆಗುವಂಥದ್ದೇ. ಎರಡು ನೋವಿನ ಇಂಜೆಕ್ಷನ್. ಉಳುಕು ತೆಗೆಯುವವರಲ್ಲಿ ಒಂದು ಸಲ ಎಳೆಸಿಕೊಂಡದ್ದು. ಸೊಂಟಕ್ಕೆ ಬೆಲ್ಟ್. ಎಕ್ಸ್‌ರೇ ನೋಡಿದವರಿಂದ ‘ಡಿಸ್ಕ್ ಸವೆದಿದೆ, ಭಾರ ಎತ್ತಬೇಡಿ’ ಎಂಬ ಮಾತು. ಐದು ದಿನ ಪೂರ್ತಿ ಮಲಗಿದ್ದರು. ಎದ್ದಾಗ ನೋವು ತುಸು ಇಳಿದಿತ್ತು, ಆದರೆ ಮೈ ಮರಗಟ್ಟಿದಂತಾಗಿ ನಡೆಯಲು ಭಯ ಹುಟ್ಟಿತ್ತು. ಅಸೆಕ್ಲೊಫೆನಾಕ್ ಸೇರಿದ ನೋವಿನ ಮಾತ್ರೆಯನ್ನು ಮೂರು ವಾರ ನುಂಗಿ ಹೊಟ್ಟೆಯುರಿ ಬೇರೆ.

‘ಆಪರೇಷನ್ನಿಗೆ ಬೆನ್ನಿಗೆ ಸೂಜಿ ಚುಚ್ಚಿದ್ರಲ್ಲ ಡಾಕ್ಟ್ರೆ, ಅವತ್ತೇ ಸೊಂಟ ಹೋಯ್ತು’ ಎಂಬುದು ಆಕೆಯ ದೃಢ ನಂಬಿಕೆ. ಜೊತೆಗೆ ಬಿಳಿಸೆರಗು ಹೋಗುವುದರಿಂದ ಮೂಳೆ ಕರಗುತ್ತಿದೆ ಎಂಬ ಅತ್ತೆಯ ಮಾತೂ ತಲೆಯಲ್ಲಿ ಕೂತಿತ್ತು.

ಮೊದಲು ಕೇಳಬೇಕಾದದ್ದು

ಸೊಂಟ ನೋವಿನಲ್ಲಿ ಬಹುಪಾಲು ಸ್ನಾಯು, ಕೀಲು, ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಮತ್ತು ಬೆನ್ನುಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳ ಮೇಲೆ ಬಿದ್ದ ಹೊರೆಯಿಂದ ಬಂದದ್ದು. ಇಂಥ ಒಂದೇ ಭಾಗ ಎಂದು ಬೆರಳಿಟ್ಟು ತೋರಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಗುಣವಾಗಲು ಅದರ ಅಗತ್ಯವೂ ಇಲ್ಲ. ಉಳಿದ ಸಣ್ಣ ಪಾಲನ್ನು ಮಾತ್ರ ಕೈಬಿಡುವಂತಿಲ್ಲ. ಅದಕ್ಕೇ ಮುಟ್ಟಿ ನೋಡುವ ಮೊದಲು ಪ್ರಶ್ನೆಗಳು.

ಜ್ವರ ಇದೆಯೇ? ಮಲೆನಾಡಿನಲ್ಲಿ ಈ ಪ್ರಶ್ನೆಗೆ ಬೇರೆ ತೂಕವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅಡಿಕೆ ಹಂಗಾಮಿನ ಈ ಒಣ ತಿಂಗಳುಗಳಲ್ಲೇ. ಒಮ್ಮೆಗೇ ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ವಿಪರೀತ ನೋವು ಅದರ ಆರಂಭ. ಗದ್ದೆ ತೋಟದ ನೀರಿನಿಂದ ಬರುವ ಇಲಿ ಜ್ವರದಲ್ಲೂ ಸೊಂಟ, ಮೀನಖಂಡ ನೋಯುತ್ತವೆ. ಜ್ವರದ ಜೊತೆ ಬಂದ ಸೊಂಟ ನೋವಿಗೆ ಎಣ್ಣೆ ಹಚ್ಚಿ ಕಾಯುತ್ತ ಕೂರಬಾರದು; ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ವಾರಗಟ್ಟಲೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನೆನೆಯಬೇಕು. ಹಸು ಎಮ್ಮೆ ಸಾಕುವವರಲ್ಲಿ, ಕಂದು ಹಾಕಿದ ರಾಸನ್ನು ಬರಿಗೈಯಲ್ಲಿ ಮುಟ್ಟಿದವರಲ್ಲಿ, ಕಾಯಿಸದ ಹಾಲು ಕುಡಿದವರಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕೂ ಸೊಂಟದ ಮೂಳೆಗಳಿಗೆ ಇಳಿಯಬಹುದು. 45 ವಯಸ್ಸಿನೊಳಗೆ ಶುರುವಾಗಿ, ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡು, ಓಡಾಡಿದರೆ ಸಡಿಲಾಗುವ, ನಡುರಾತ್ರಿ ದಾಟಿದ ಮೇಲೆ ಎಬ್ಬಿಸುವ ನೋವು ಉರಿಯೂತದ ಸಂಧಿವಾತದ್ದಿರಬಹುದು. ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದಿದ್ದರೆ, ಸ್ಟೆರಾಯ್ಡ್ ಬಹಳ ಕಾಲ ತೆಗೆದುಕೊಂಡಿದ್ದರೆ ದಾರಿ ಬೇರೆ.

ಎಲ್ಲಕ್ಕಿಂತ ತುರ್ತಿನದು ಒಂದು: ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮರ್ಮಾಂಗ ಮತ್ತು ಗುದದ ಸುತ್ತ ಮರಗಟ್ಟುವುದು, ಎರಡೂ ಕಾಲಿನಲ್ಲಿ ಬಲ ಕುಗ್ಗುವುದು. ಇದು ಬೆನ್ನುಹುರಿಯ ಕೆಳಗಿನ ನರಗಳ ಗುಚ್ಛ ಒತ್ತಿಹೋದ ಸೂಚನೆ. ಬೆಳಗಾಗಲಿ ಎನ್ನದೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ತಡವಾದಷ್ಟೂ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ.

ಈಕೆಗೆ ಇವು ಯಾವುವೂ ಇರಲಿಲ್ಲ.

ಪರೀಕ್ಷೆ

ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ಸಲೀಸಾಗಿ ನಡೆದರು. ಸೊಂಟದಿಂದ ಕಾಲಿಗೆ ಇಳಿಯುವ ನರಗಳಲ್ಲಿ ಹಿಮ್ಮಡಿ ನಡಿಗೆ ಎಲ್4 ಮತ್ತು ಎಲ್5 ಎಂಬವುಗಳದ್ದು, ತುದಿಗಾಲು ಎಸ್1 ಎಂಬುದರದ್ದು. ಹೆಬ್ಬೆರಳನ್ನು ಒತ್ತಿ ಹಿಡಿದರೂ ಮೇಲೆತ್ತುವ ಬಲವಿತ್ತು. ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ 70 ಡಿಗ್ರಿ ದಾಟಿದ ಮೇಲೆ ತೊಡೆಯ ಹಿಂದೆ ಬಿಗಿತ ಬಂತೇ ಹೊರತು ಮಂಡಿಯ ಕೆಳಗೆ ಮಿಂಚು ಹೊಡೆದಂತೆ ನೋವು ಹರಿಯಲಿಲ್ಲ. ಡಿಸ್ಕ್ ಉಬ್ಬಿ ನರ ಒತ್ತಿದ್ದರೆ ಸಾಮಾನ್ಯವಾಗಿ 30ರಿಂದ 70 ಡಿಗ್ರಿಯೊಳಗೆ ಹಾಗೆ ಹರಿಯುತ್ತದೆ. ‘ನರ ಹಿಡಿದಿದೆ’ ಎಂದು ಆಕೆಗೆ ಹೇಳಿದ್ದ ಮಾತಿಗೆ ಆಧಾರ ಸಿಗಲಿಲ್ಲ.

ಮುಂದಕ್ಕೆ ಬಗ್ಗಿದರೆ ನೋವು ಏರಿತು. ಕೈಯನ್ನು ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿದಾಗ ಮೊದಲೆರಡು ಸಲ ನೋವಾಗಿ, ಎಂಟನೇ ಸಲಕ್ಕೆ ತೊಡೆಯ ಸೆಳೆತ ಪೃಷ್ಠಕ್ಕೆ ಸರಿಯಿತು. ಕಾಲಿನಿಂದ ನೋವು ಸೊಂಟದ ಕಡೆಗೆ ಮೇಲೆ ಸರಿಯುವುದು ಒಳ್ಳೆಯ ಲಕ್ಷಣ, ಸೊಂಟದಲ್ಲಿ ಆ ಹೊತ್ತಿಗೆ ತುಸು ಹೆಚ್ಚಾದರೂ ಸರಿ. ಕುರ್ಚಿಯಿಂದ ಕೈ ಆಸರೆ ಇಲ್ಲದೆ ಏಳುವಾಗ ತೊಡೆ ನಡುಗುತ್ತಿತ್ತು. ಪೃಷ್ಠದ ಸ್ನಾಯುಗಳಲ್ಲಿ ಬಲವಿರಲಿಲ್ಲ.

ಎಕ್ಸ್‌ರೇಯಲ್ಲಿ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ (ಎಲ್4-ಎಲ್5) ನಡುವಿನ ಅಂತರ ಸ್ವಲ್ಪ ಕಿರಿದಾಗಿತ್ತು. ಎಂಆರ್‌ಐ ಮಾಡಿಸಲೇಬೇಕು ಎಂದು ಗಂಡನ ಒತ್ತಾಯ. ಬೇಡ ಎನ್ನಲು ಗಟ್ಟಿ ಕಾರಣವಿದೆ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕುರಿತ 33 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, 40 ವಯಸ್ಸಿನವರಲ್ಲಿ ಶೇ. 68 ಮಂದಿಗೆ ಡಿಸ್ಕ್ ಸವೆತವೂ ಶೇ. 50 ಮಂದಿಗೆ ಡಿಸ್ಕ್ ಉಬ್ಬುವಿಕೆಯೂ ಕಾಣುತ್ತದೆ. ತಲೆಕೂದಲು ನರೆಯುವಂತೆ ವಯಸ್ಸಿನೊಂದಿಗೆ ಬರುವ ಬದಲಾವಣೆ ಅದು. ಅದನ್ನು ಬರೆದ ಸ್ಕ್ಯಾನ್ ಚೀಟಿ ಕೈಗೆ ಬಂದರೆ ಈಗಾಗಲೇ ಹೆದರಿರುವ ಹೆಂಗಸು ಇನ್ನಷ್ಟು ಮಲಗುತ್ತಾಳೆ, ಅಷ್ಟೆ. ಕಾಲಿನ ಬಲ ಕುಗ್ಗುತ್ತಿದ್ದರೆ, ಆರು ವಾರವಾದರೂ ಕಾಲಿನ ನರದ ನೋವು ಇಳಿಯದಿದ್ದರೆ, ಮೇಲೆ ಹೇಳಿದ ಅಪಾಯದ ಗುರುತುಗಳಿದ್ದರೆ ಎಂಆರ್‌ಐ ಬೇಕೇ ಬೇಕು.

ಬೆನ್ನಿಗೆ ಕೊಟ್ಟ ಅರಿವಳಿಕೆಯ ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ಎಷ್ಟೋ ವರ್ಷದ ಮೇಲೆ ಬರುವ ಸೊಂಟ ನೋವಿಗೆ ಅದು ಕಾರಣವಲ್ಲ. ಬಿಳಿಸೆರಗಿನಿಂದ ಮೂಳೆ ಕರಗುವುದಿಲ್ಲ. ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವಿದ್ದರೆ ಸೋಂಕಿಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಈ ಎರಡು ಮಾತುಗಳನ್ನು ಬಿಡಿಸಿ ಹೇಳಲು ಹಿಡಿದ ಹತ್ತು ನಿಮಿಷ ಯಾವ ಇಂಜೆಕ್ಷನ್‌ಗಿಂತ ಕಡಿಮೆಯದಲ್ಲ. ಸೊಂಟ ಹಾಳಾಗಿದೆ ಎಂದು ನಂಬಿದವರು ಅದನ್ನು ಬಳಸಲು ಒಪ್ಪುವುದೇ ಇಲ್ಲ.

ಹೊರೆ ಎಲ್ಲಿಂದ ಬಂತು

ಕಾರಣ ಸಿಕ್ಕಿದ್ದು ಆಕೆ ಸುಲಿಯಲು ಕೂರುವ ಬಗೆಯನ್ನು ಕೂತು ತೋರಿಸಿದಾಗ. ನೆಲದಿಂದ ನಾಲ್ಕು ಬೆರಳೆತ್ತರದ ಮಣೆ. ಮಂಡಿಗಳು ಎದೆಯ ಹತ್ತಿರ. ಹಾಗೆ ಕೂತಾಗ ಕಟಿಯ ಮೂಳೆ ಹಿಂದಕ್ಕೆ ಉರುಳಿ, ಸೊಂಟದ ಸಹಜ ಒಳಬಾಗು ಅಳಿಸಿಹೋಗಿ, ಬೆನ್ನು ಬಿಲ್ಲಾಗುತ್ತದೆ. ಆ ಸ್ಥಿತಿಯಲ್ಲಿ ಬೆನ್ನಿನ ಸ್ನಾಯುಗಳು ಕೆಲಸ ಬಿಟ್ಟು, ಮೈಭಾರವೆಲ್ಲ ಹಿಂಬದಿಯ ಅಸ್ಥಿರಜ್ಜು ಮತ್ತು ಡಿಸ್ಕ್‌ಗಳಿಗೆ ನೇತುಬೀಳುತ್ತದೆ. ಪೂರ್ತಿ ಬಗ್ಗಿದ ಭಂಗಿಯಲ್ಲಿ 20 ನಿಮಿಷ ಕೂತರೆ ಈ ಅಂಗಾಂಶಗಳು ಹಿಗ್ಗುತ್ತವೆ. ಎದ್ದ ಎರಡು ನಿಮಿಷದಲ್ಲಿ ಅರ್ಧದಷ್ಟು ಮೊದಲಿನಂತಾಗುತ್ತವೆ, ಉಳಿದರ್ಧಕ್ಕೆ ಅರ್ಧ ಗಂಟೆಯೂ ಸಾಲದು. ಆಕೆ ಒಂದೇ ಸಮನೆ ಎರಡರಿಂದ ಮೂರು ಗಂಟೆ ಕೂರುತ್ತಿದ್ದರು. ಸುಲಿದ ಅಳತೆಗೆ ಕೂಲಿ, ಎದ್ದಷ್ಟೂ ನಷ್ಟ.

ಇನ್ನೊಂದು, ಬುಟ್ಟಿ ಎಡಗಡೆ ಹಿಂದಕ್ಕಿತ್ತು. ಪ್ರತಿ ಹಿಡಿ ಅಡಿಕೆಗೂ ಬಗ್ಗಿದ ಬೆನ್ನನ್ನೇ ತಿರುಚಬೇಕು. ಬುಟ್ಟಿ ಖಾಲಿಯಾದೊಡನೆ, ಹಿಗ್ಗಿ ಸಡಿಲಾದ ಅದೇ ಬೆನ್ನಿನಲ್ಲಿ 20 ಕಿಲೋ ಮೀರಿದ ಹೊಸ ಬುಟ್ಟಿ ಎತ್ತುವುದು. ಡಿಸ್ಕಿನೊಳಗೆ ಒತ್ತಡ ಅಳೆಯುವ ಸಾಧನವಿಟ್ಟು 1999ರಲ್ಲಿ ವರದಿಯಾದ ಅಳತೆಗಳಲ್ಲಿ, ನಿಂತಾಗ 0.5 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಇದ್ದದ್ದು ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3ಕ್ಕೆ ಏರಿತು. ಮಂಡಿ ಮಡಿಸಿ ಎತ್ತಿದಾಗ 1.7. ಅದೇ ಭಾರ ಮೈಗೆ ತಾಗಿದ್ದಾಗ 1.1, ಎದೆಯಿಂದ 60 ಸೆಂ.ಮೀ. ದೂರ ಹಿಡಿದಾಗ 1.8. ಎಷ್ಟು ಎತ್ತಿದೆವು ಎಂಬಷ್ಟೇ, ಎಷ್ಟು ದೂರ ಹಿಡಿದೆವು ಎಂಬುದೂ ಮುಖ್ಯ.

ಸೊಂಟ ಹಿಡಿದದ್ದು ಬೆಳಗ್ಗೆ ಎಂಬುದೂ ಆಕಸ್ಮಿಕವಲ್ಲ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹಗಲಿಗಿಂತ ಹೆಚ್ಚು. ಆಕೆಯ ಕೊಟ್ಟಿಗೆ ಕೆಲಸವೆಲ್ಲ ಆ ಗಂಟೆಯಲ್ಲೇ ಮುಗಿಯುತ್ತಿತ್ತು.

ಮೊದಲ ಹತ್ತು ದಿನ

ಹಳೆಯ ಮಾತ್ರೆ ನಿಲ್ಲಿಸಿ, ಊಟದ ಮೇಲೆ ನಾಪ್ರೊಕ್ಸೆನ್ ಎಂಬ ನೋವಿನ ಮಾತ್ರೆ 250 ಮಿ.ಗ್ರಾಂ. ದಿನಕ್ಕೆರಡು, ಐದೇ ದಿನ, ಜೊತೆಗೆ ಹೊಟ್ಟೆಗೆ ರಕ್ಷಣೆಯ ಮಾತ್ರೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರು ಮತ್ತು ರಕ್ತದೊತ್ತಡದ ಮಾತ್ರೆ ನುಂಗುವವರು ಈ ಬಗೆಯ ಯಾವ ನೋವಿನ ಮಾತ್ರೆಯನ್ನೂ ಅಂಗಡಿಯಿಂದ ತಾವೇ ತಂದು ನುಂಗಬಾರದು. ಪ್ಯಾರಾಸಿಟಮಾಲ್ ಒಂದನ್ನೇ ನೆಚ್ಚಿದರೆ ಫಲ ಕಡಿಮೆ: ಹೊಸದಾಗಿ ಬಂದ ಸೊಂಟ ನೋವಿನಲ್ಲಿ ಅದು ಔಷಧವಿಲ್ಲದ ಹುಸಿಗುಳಿಗೆಗಿಂತ ಬೇಗ ಗುಣ ಕೊಡಲಿಲ್ಲ ಎಂದು ಆಸ್ಟ್ರೇಲಿಯಾದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು.

ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ದಿನಕ್ಕೆ ಮೂರು ಸಲ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದಕ್ಕೆ ಅಡ್ಡಿಯಿಲ್ಲ. ಎಳೆದು ಲಟಕಾಯಿಸುವುದು, ಬೆನ್ನು ತುಳಿಯುವುದು ಬೇಡ. ಬೆಲ್ಟ್ ಓಡಾಡುವಾಗ ಗಂಟೆ ಎರಡು ಗಂಟೆ ಮಾತ್ರ, ಹತ್ತು ದಿನದೊಳಗೆ ಬಿಡುವುದು.

ಹಗಲು ಮಲಗುವುದು ನಿಂತಿತು. ನೋವು ತೀರಾ ಏರಿದಾಗ ನೆಲದಲ್ಲಿ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ. ಮತ್ತೆ ಎದ್ದು ಓಡಾಟ. ಅಂಗಳದಲ್ಲೇ ಹತ್ತು ನಿಮಿಷದ ನಡಿಗೆ, ದಿನಕ್ಕೆ ಮೂರು ಸಲ. ಬೋರಲು ಮಲಗಿ ಎರಡು ಮೂರು ನಿಮಿಷ, ಆಮೇಲೆ ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ. ಎರಡು ಗಂಟೆಗೊಮ್ಮೆ ನಿಂತು ಹಿಂದಕ್ಕೆ ಎಂಟು ಹತ್ತು ಸಲ ಬಾಗುವುದು. ಹಾಸಿಗೆಯಿಂದ ನೇರ ಎದ್ದು ಕೂರದೆ, ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದು. ಸಗಣಿ ಬಾಚುವ ಕೆಲಸ ಎದ್ದ ಒಂದು ಗಂಟೆಯ ನಂತರಕ್ಕೆ ಹೋಯಿತು, ಮೋಟು ಬಾಚುವ ಹಲಗೆಗೆ ಉದ್ದ ಕೋಲು ಬಂತು.

ಮಣೆ ಬದಲಾಯಿಸಿದ್ದು

ಮೊದಲು ಮನೆಯವರು ಮಾಡಿದ್ದು ತಪ್ಪಾಯಿತು. ಮಣೆ ತೆಗೆದು ಪ್ಲಾಸ್ಟಿಕ್ ಕುರ್ಚಿ ಹಾಕಿದರು; ಕತ್ತಿ ನೆಲದ ಮೇಲೆಯೇ ಉಳಿಯಿತು. ಮೇಲೆ ಕೂತು ಕೆಳಗಿನ ಕತ್ತಿಗೆ ಬಗ್ಗಿ ಸುಲಿದರೆ ಬೆನ್ನು ಮೊದಲಿಗಿಂತ ಹೆಚ್ಚು ಬಾಗುತ್ತದೆ. ಎರಡೇ ದಿನಕ್ಕೆ ನೋವು ಮತ್ತೆ ತೊಡೆಗೆ ಇಳಿಯಿತು. ಕೂರುವ ಜಾಗವನ್ನೂ ಕತ್ತಿಯನ್ನೂ ಒಟ್ಟಿಗೇ ಎತ್ತರಿಸಬೇಕು.

ಊರಿನ ಬಡಗಿ ಮಾಡಿಕೊಟ್ಟದ್ದು ಉದ್ದನೆಯ ಒಂದೇ ಹಲಗೆಯ ಬೆಂಚು: ಒಂದು ತುದಿಯಲ್ಲಿ ಕೂರುವ ಜಾಗ, ಇನ್ನೊಂದು ತುದಿಯಲ್ಲಿ ಬೋಲ್ಟ್ ಹಾಕಿ ಬಿಗಿದ ಕತ್ತಿ. ಕಾಲಿನಿಂದ ಮೆಟ್ಟಿ ಹಿಡಿಯುವ ಬದಲು ಕೂತವರ ಭಾರವೇ ಕತ್ತಿಯನ್ನು ಅಲುಗದಂತೆ ಹಿಡಿಯುತ್ತದೆ. ಬೆಂಚು ಅಲ್ಲಾಡಿದರೆ ಕೈ ಕೊಯ್ಯುತ್ತದೆ, ಆದ್ದರಿಂದ ಕಾಲುಗಳನ್ನು ಹೊರಕ್ಕೆ ಚಾಚಿಸಿ ಅಗಲವಾಗಿ ಕೂರಿಸಿದ್ದು. ಎತ್ತರ ಆಕೆಯ ಮಂಡಿಯ ಹಿಂಭಾಗದಷ್ಟು, ಸುಮಾರು 37 ಸೆಂ.ಮೀ. ಕತ್ತಿಯಲ್ಲಿ ಕಾಯಿ ಒತ್ತುವ ಜಾಗ, ಮಡಿಚಿದ ಮೊಣಕೈಗಿಂತ ಮೂರು ನಾಲ್ಕು ಬೆರಳು ಕೆಳಗೆ. ಗೋಣಿಚೀಲ ಮಡಿಸಿ ಪೃಷ್ಠದ ಹಿಂಬದಿಗೆ ಮಾತ್ರ ನಾಲ್ಕೈದು ಸೆಂ.ಮೀ. ಎತ್ತರ ಕೊಟ್ಟಾಗ ಕಟಿ ಮುಂದಕ್ಕೆ ವಾಲಿ, ಸೊಂಟ ತಾನಾಗಿ ನೆಟ್ಟಗಾಯಿತು. ಅಡಿಕೆ ಬುಟ್ಟಿ ಬೆಂಚಿನ ಮಟ್ಟದ ಸ್ಟೂಲಿನ ಮೇಲೆ, ಕೈಗೆಟಕುವ ಮುಂದಿನ ಬದಿಯಲ್ಲಿ.

ಬಿಡುವು ಹೇಗೆ ಕೊಡುವುದು? ‘ಅರ್ಧ ಗಂಟೆಗೊಮ್ಮೆ ಏಳಿ’ ಎಂದರೆ ಅಳತೆ ಕೂಲಿಯವರು ಏಳುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ದೊಡ್ಡ ಬುಟ್ಟಿಯ ಬದಲು ಹತ್ತು ಕಿಲೋ ಹಿಡಿಯುವ ಸಣ್ಣ ಬುಟ್ಟಿ ಕೊಟ್ಟದ್ದು ಕೆಲಸ ಮಾಡಿತು. ಬುಟ್ಟಿ ಬೇಗ ಖಾಲಿಯಾಗುತ್ತದೆ, ತುಂಬಿಸಿಕೊಳ್ಳಲು ಎದ್ದೇ ಏಳಬೇಕು. ಎದ್ದಾಗ ಐದಾರು ಸಲ ಹಿಂದಕ್ಕೆ ಬಾಗಿ, ಒಂದು ನಿಮಿಷ ನಿಂತ ಮೇಲೆ ಬುಟ್ಟಿ ಎತ್ತುವುದು. ಭಾರವೂ ಅರ್ಧವಾಯಿತು.

ಬಲ ತುಂಬುವುದು

ಎರಡನೇ ವಾರದಿಂದ ದಿನ ಬಿಟ್ಟು ದಿನ ಮೂರು ವ್ಯಾಯಾಮ. ಅಂಗಾತ ಮಲಗಿ ಮಂಡಿ ಮಡಿಸಿ ಪೃಷ್ಠ ಎತ್ತುವುದು, ಎಂಟು ಸಲದಂತೆ ಮೂರು ಸುತ್ತು. ಅಂಬೆಗಾಲಿನಲ್ಲಿ ನಿಂತು ಎದುರುಬದುರಿನ ಕೈಕಾಲು ನೀಡಿ ಐದು ಸೆಕೆಂಡ್ ಹಿಡಿಯುವುದು, ಒಂದೊಂದು ಬದಿಗೂ ಆರು ಸಲ; ಸೊಂಟ ಕುಸಿದರೆ ಕಾಲನ್ನು ಕಡಿಮೆ ಎತ್ತಬೇಕು. ಸ್ಟೂಲಿನಿಂದ ಕೈ ಬಿಟ್ಟು ಎದ್ದು ಕೂರುವುದು, ಹತ್ತರಂತೆ ಎರಡು ಸುತ್ತು.

ನಾಲ್ಕನೇ ವಾರಕ್ಕೆ ಎತ್ತುವುದನ್ನು ಕಲಿಸಬೇಕು, ಮತ್ತು ಹೆಚ್ಚಿನ ಕಡೆ ಇದನ್ನೇ ಬಿಟ್ಟುಬಿಡುತ್ತಾರೆ. ಬೆನ್ನಿಗೆ ಉದ್ದ ಕೋಲು ಹಿಡಿದು, ಅದು ತಲೆ, ಬೆನ್ನಿನ ಮಧ್ಯ, ಪೃಷ್ಠದ ನಡು ಮೂರಕ್ಕೂ ತಾಗಿರುವಂತೆ ತೊಡೆಸಂದಿಯಿಂದ ಬಗ್ಗುವ ಅಭ್ಯಾಸ. ಅದು ಬಂದ ಮೇಲೆ ಐದು ಕಿಲೋ ಚೀಲ, ಮರುವಾರ ಎಂಟು, ಆಮೇಲೆ ಹತ್ತು. ಕಾಲು ಅಗಲಿಸಿ, ಒಂದು ಪಾದ ತುಸು ಮುಂದಿಟ್ಟು, ಭಾರವನ್ನು ಮೈಗೆ ತಾಗಿಸಿ ಏಳುವುದು. ತಿರುಗಬೇಕಾದರೆ ಪಾದ ತಿರುಗಲಿ, ಸೊಂಟವಲ್ಲ. ‘ಇನ್ನು ಭಾರ ಎತ್ತಲೇಬೇಡಿ’ ಎಂಬ ಸಲಹೆ ಕೃಷಿ ಮನೆಯ ಹೆಂಗಸಿಗೆ ಪಾಲಿಸಲಾಗದ್ದು. ಪಾಲಿಸಿದರೆ ಬೆನ್ನು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ.

ವ್ಯಾಯಾಮದಲ್ಲಿ ಹತ್ತಕ್ಕೆ ನಾಲ್ಕರವರೆಗಿನ ನೋವು ನಡೆಯುತ್ತದೆ, ಮರುದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದರೆ ಸಾಕು. ನೋವು ಕಾಲಿಗೆ ಇಳಿಯತೊಡಗಿದರೆ ಆ ವ್ಯಾಯಾಮ ನಿಲ್ಲಿಸಬೇಕು.

ಐದನೇ ವಾರ, ನೆಂಟರ ಮದುವೆಯಲ್ಲಿ ದಿನವಿಡೀ ನೆಲದಲ್ಲಿ ಕೂತು ತರಕಾರಿ ಹೆಚ್ಚಿದ ಮೇಲೆ ನೋವು ಮರುಕಳಿಸಿತು. ಆಕೆ ಮತ್ತೆ ಹಾಸಿಗೆ ಹಿಡಿಯಲು ಹೊರಟಿದ್ದರು. ಎರಡು ದಿನ ಭಾರ ಕಡಿಮೆ ಮಾಡಿ, ನಡಿಗೆ ಮತ್ತು ಹಿಂದಕ್ಕೆ ಬಾಗುವುದನ್ನು ಮುಂದುವರಿಸಿ, ಮೂರನೇ ದಿನ ಐದು ಕಿಲೋಗೆ ಮರಳಿದಾಗ ನಾಲ್ಕು ದಿನದಲ್ಲಿ ಸರಿಹೋಯಿತು. ಇಂಥ ಮರುಕಳಿಕೆ ಬಂದೇ ಬರುತ್ತದೆ ಎಂದು ಮೊದಲೇ ಹೇಳಿಟ್ಟಿರಬೇಕು.

ಇದರ ನಡುವೆ ಮನೆಯಲ್ಲಿ ಇನ್ನೊಂದು ಎಡವಟ್ಟು. ಸೊಸೆಗೆ ಗುಣ ಕಂಡಿತೆಂದು 68 ವರ್ಷದ ಅತ್ತೆಯೂ ಹಿಂದಕ್ಕೆ ಬಾಗತೊಡಗಿ ಎರಡೂ ಕಾಲು ಜೋಮು ಹಿಡಿಸಿಕೊಂಡರು. ಅವರದು ಬೇರೆ ತೊಂದರೆ: ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಗುರಾಗುತ್ತದೆ. ವಯಸ್ಸಿನಿಂದ ಬೆನ್ನುಹುರಿಯ ನಾಳ ಕಿರಿದಾದವರಲ್ಲಿ ಹೀಗಾಗುತ್ತದೆ. ಹಿಂದಕ್ಕೆ ಬಾಗಿದರೆ ಆ ನಾಳ ಇನ್ನೂ ಕಿರಿದಾಗುತ್ತದೆ. ಅವರಿಗೆ ಬೇಕಾದದ್ದು ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವ ವ್ಯಾಯಾಮ ಮತ್ತು ನಡುನಡುವೆ ಕೂರುತ್ತ ಸಾಗುವ ನಡಿಗೆ. ಒಬ್ಬರ ಸೊಂಟಕ್ಕೆ ಹೇಳಿದ ವ್ಯಾಯಾಮವನ್ನು ಇನ್ನೊಬ್ಬರಿಗೆ ದಾಟಿಸಬಾರದು.

ಹಂಗಾಮು ಮುಗಿದ ಮೇಲೆ

ಆರನೇ ವಾರಕ್ಕೆ ಆಕೆ ದಿನಕ್ಕೆ ನಾಲ್ಕು ಗಂಟೆ ಸುಲಿಯುತ್ತಿದ್ದರು, ಹತ್ತನೇ ವಾರಕ್ಕೆ ಮೊದಲಿನಷ್ಟು. ಸಂಜೆಯ ಹೊತ್ತಿಗೆ ತುಸು ಬಿಗಿತ ಉಳಿಯಿತು, ಮಾತ್ರೆ ಬೇಕಾಗಲಿಲ್ಲ.

ನೋವು ಹೋದ ಮೇಲೆ ಉಳಿಸಿಕೊಳ್ಳಬೇಕಾದದ್ದು ನಡಿಗೆ. ಸೊಂಟ ನೋವಿನಿಂದ ಚೇತರಿಸಿಕೊಂಡ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡು ತಿಳಿವಳಿಕೆ ಪಡೆದವರಿಗೆ ನೋವು ಮರಳಲು ಹಿಡಿದ ಮಧ್ಯಮ ಅವಧಿ 208 ದಿನ, ಉಳಿದವರಿಗೆ 112 ದಿನ. ಆಕೆಗೆ ಹಾಕಿಕೊಟ್ಟದ್ದು ವಾರಕ್ಕೆ ಐದು ದಿನ, ಅರ್ಧ ಗಂಟೆ. ತೋಟದ ಏರಿಳಿತದಲ್ಲಿ ಹುಲ್ಲು ಕೊಯ್ಯುತ್ತ ಓಡಾಡುವುದು ಇದರಲ್ಲಿ ಸೇರುವುದಿಲ್ಲ, ಕೈಬೀಸಿ ನಡೆಯಬೇಕು. ಪೃಷ್ಠ ಎತ್ತುವುದು ಮತ್ತು ಚೀಲ ಎತ್ತುವುದು ವಾರಕ್ಕೆ ಎರಡು ದಿನ. ದೀಪಾವಳಿಗೆ ಒಂದು ತಿಂಗಳು ಮೊದಲೇ ಅದನ್ನು ಮೂರು ದಿನಕ್ಕೇರಿಸಿ, ಸುಲಿತದ ಮೊದಲ ವಾರ ದಿನಕ್ಕೆ ಮೂರು ಗಂಟೆ ದಾಟದಂತೆ ಕೂತು, ವಾರಕ್ಕೊಂದು ಗಂಟೆಯಂತೆ ಹೆಚ್ಚಿಸಿಕೊಳ್ಳಲು ಹೇಳಿದೆ. ಬೆಂಚಿನ ಬೋಲ್ಟ್‌ಗಳನ್ನು ಆಗ ಮತ್ತೊಮ್ಮೆ ಬಿಗಿಸಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಒಣಗಿದ ಮೇಲೆ ಅವು ಸಡಿಲಾಗಿರುತ್ತವೆ.